ಗಾಜಿನ ಪಟ್ಟಿಯ ಮೇಲಣ ಬಣ್ಣ

ಬಳ್ಳಾರಿಯ ದಂಡಿನ ನೆರೆಯಲ್ಲಿ ಬೆಳೆದ ಕೌಲ್ ಬಜಾರಿನಲ್ಲಿ ಅರಿವೆ ಕೊಳ್ಳುವವರು ಅದನ್ನು ಬಿಸಿಲಿಗೆ ಹಿಡಿದು, ಒದ್ದೆ ಬೆರಳಿನಿಂದ ಉಜ್ಜಿ ನೋಡುವುದುಂಟು. ಬಣ್ಣ ಕಚ್ಚಿದೆಯೋ ಇಲ್ಲವೋ ಎಂಬುದು ಅಲ್ಲಿ ಕಣ್ಣಿಗೇ ತಿಳಿಯುತ್ತದೆ; ಮೋಸಹೋದರೆ ಒಂದು ಬಟ್ಟೆಯಷ್ಟೆ ಹಾಳು. ಆದರೆ ಅದೇ ಕುಲದ ಬಣ್ಣವು ವೈದ್ಯಶಾಲೆಯ ಗಾಜಿನ ಪಟ್ಟಿಯನ್ನು ಸೇರಿದಾಗ ಅದನ್ನು ಒರೆಗೆ ಹಚ್ಚುವ ಬಗೆ ಯಾವುದು? ಈ ಪ್ರಶ್ನೆಯ ಚರಿತ್ರೆಯನ್ನು ನಾವು ಸಂಗ್ರಹವಾಗಿ ನಿರೂಪಿಸುವೆವು.

ಇಂಗ್ಲೆಂಡಿನ ಪರ್ಕಿನ್ ಎಂಬ ತರುಣನು 1856ರಲ್ಲಿ ಕಲ್ಲಿದ್ದಲ ಟಾರಿನ ಮೂಲದಿಂದ ಒಂದು ನೇರಿಳೆ ಬಣ್ಣವನ್ನು ಪಡೆದನು. ಅನಂತರ ಹುಟ್ಟಿದ ಕೆಂಪು ಫುಕ್ಸಿನ್ನಾಗಲಿ, 1876ರ ಮೆಥಿಲೀನ್ ಬ್ಲೂ ಆಗಲಿ ಬಟ್ಟೆಯ ಕಾರ್ಖಾನೆಗಳ ಕೂಸುಗಳೇ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ಸೂಕ್ಷ್ಮಾಣುವನ್ನು ಪ್ರಕಟಪಡಿಸಿದುದು ಮೆಥಿಲೀನ್ ಬ್ಲೂವಿನ ಸಹಾಯದಿಂದ. ಜೀಲ್ ಮತ್ತು ನೀಲ್ಸನ್ ಎಂಬವರು ಆ ಕ್ರಮವನ್ನು ತಿದ್ದಿದರು. ಕಾರ್ಬಾಲಿಕ್ ಆಮ್ಲ ಬೆರೆಸಿದ ಫುಕ್ಸಿನ್ನಿನಲ್ಲಿ ಕಫದ ಲೇಪವನ್ನು ಕಾಯಿಸಿ, ಬಳಿಕ ಆಮ್ಲದಿಂದ ತೊಳೆದರೆ ಉಳಿದುದೆಲ್ಲ ಬಣ್ಣಗೆಡುತ್ತದೆ. ಮೇಣದಂಥ ಹೊದಿಕೆಯುಳ್ಳ ಕ್ಷಯಾಣು ಮಾತ್ರ ಕೆಂಪನ್ನು ಬಿಟ್ಟುಕೊಡದು.

ಆ ಕಾಲದಲ್ಲಿ ಪ್ರಯೋಗಶಾಲೆಗಳು ಜರ್ಮನಿಯನ್ನೇ, ವಿಶೇಷವಾಗಿ ಲೈಪ್ಜಿಗ್ಗಿನ ಗ್ರ್ಯೂಬ್ಲರ್ ಸಂಸ್ಥೆಯನ್ನು, ನೆಚ್ಚಿದ್ದುವು. 1914ರ ಮಹಾಯುದ್ಧದಿಂದ ಆ ಸರಬರಾಯಿ ನಿಂತಿತು. ಅಮೆರಿಕೆಯಲ್ಲಿ ಬದಲು ಬಣ್ಣಗಳು ದೊರೆತುವಾದರೂ ಒಂದೇ ಹೆಸರಿನ ಎರಡು ಸೀಸೆಗಳು ಒಂದೇ ಫಲವನ್ನು ಕೊಡಲಿಲ್ಲ. ಬೇಸಿಕ್ ಫುಕ್ಸಿನ್ ಎಂಬುದೇ ಹಲವು ಸೋದರ ಬಣ್ಣಗಳ ಮಿಶ್ರಣ. ಸಾಲದುದಕ್ಕೆ, ಬಟ್ಟೆಯ ಬಣ್ಣಗಳಿಗೆ ಉಪ್ಪು ಮೊದಲಾದುವನ್ನು ಬೆರೆಸುವುದು ವಾಡಿಕೆ. ಆದಕಾರಣ 1922ರಲ್ಲಿ ಕಾನ್ ಎಂಬ ಸೂಕ್ಷ್ಮಾಣುಶಾಸ್ತ್ರಜ್ಞರ ನೇತೃತ್ವದಲ್ಲಿ ಬಣ್ಣಗಳ ಪ್ರಮಾಣೀಕರಣಕ್ಕೆ ಒಂದು ಆಯೋಗವು ಏರ್ಪಟ್ಟಿತು. ತಯಾರಾದ ಒಂದೊಂದು ಕಂತಿನಿಂದಲೂ ಮಾದರಿಯನ್ನು ತರಿಸಿ, ನಿಜವಾದ ವರ್ಣಾಂಶವನ್ನು ಅಳೆದು, ಅಂಗಾಂಶಗಳ ಮೇಲೆ ಪ್ರಯೋಗಿಸಿ, ತೃಪ್ತಿಯಾದ ಮೇಲೆಯೇ ಅದು ಪ್ರಮಾಣಪತ್ರ ಕೊಡತೊಡಗಿತು.

ಈ ವಿವೇಕವು ನಮ್ಮ ನಾಡಿಗೂ ಬಂದಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಕಫಪರೀಕ್ಷಕರ ಶಿಕ್ಷಣವೂ ಅದರ ಕಾರ್ಯಗಳಲ್ಲೊಂದು. 1997ರಲ್ಲಿ ಆರಂಭವಾದ ಪರಿಷ್ಕೃತ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ಫುಕ್ಸಿನ್ ದ್ರಾವಣಕ್ಕೆ ಶೇಕಡ 1, ಗಂಧಕಾಮ್ಲಕ್ಕೆ ಶೇಕಡ 25, ಮೆಥಿಲೀನ್ ಬ್ಲೂವಿಗೆ ಶೇಕಡ 0.1 ಎಂದು ಪ್ರಮಾಣಗಳನ್ನು ಗೊತ್ತುಮಾಡಿತು. ಸೀಸೆಯ ಪುಡಿಯಲ್ಲಿ ನಿಜವಾದ ಬಣ್ಣವು ನೂರಕ್ಕೆ 85 ಪಾಲು ಮಾತ್ರವಿದ್ದರೆ, ಒಂದು ಲೀಟರಿಗೆ 10 ಗ್ರಾಂ ಸಾಲದು, ಸುಮಾರು 11.8 ಗ್ರಾಂ ತೂಗಬೇಕು. ಹೊಸದಾಗಿ ಕೂಡಿಸಿದ ದ್ರಾವಣವನ್ನು, ರೋಗಾಣುವಿದೆಯೆಂದು ಗೊತ್ತಿರುವ ಒಂದು ಪಟ್ಟಿಯ ಮೇಲೂ ಇಲ್ಲವೆಂದು ಗೊತ್ತಿರುವ ಇನ್ನೊಂದರ ಮೇಲೂ ಮೊದಲು ಪರೀಕ್ಷಿಸಬೇಕು.

ಇಷ್ಟೊಂದು ಕಟ್ಟುನಿಟ್ಟು ಏಕೆಂದು ಯಾರಾದರೂ ಕೇಳಬಹುದು. ಬಟ್ಟೆಯ ಮೇಲಣ ಕಳಪೆ ಬಣ್ಣವು ತನ್ನ ದೋಷವನ್ನು ತಾನೇ ಸಾರುತ್ತದೆ. ಗಾಜಿನ ಮೇಲಣ ಕಳಪೆ ಬಣ್ಣವು ಏನನ್ನೂ ಸಾರದು. ಕೆಂಪು ಕಡ್ಡಿಗಳು ಕಾಣದಿದ್ದರೆ ಪರೀಕ್ಷಕನು ರೋಗಾಣು ಇಲ್ಲವೆಂದೇ ಬರೆಯುವನು. ಆ ಚೀಟಿಯನ್ನು ಹಿಡಿದು ನಿಶ್ಚಿಂತೆಯಿಂದ ಮನೆಗೆ ಮರಳುವ ಕೂಲಿಕಾರನು ಕೆಮ್ಮುತ್ತಲೇ ಇರುವನು. ಅದೇ ಸೂರಿನಡಿ ಅವನ ಮಕ್ಕಳೂ ಮಲಗುವರು. ಇಂದು ಸೂಕ್ಷ್ಮದರ್ಶಕಕ್ಕಿಂತ ಚುರುಕಾದ ಯಂತ್ರಗಳು ಬಂದಿರುವುದು ನಿಜ. ಆದರೂ ಈ ಚರಿತ್ರೆಯ ಪಾಠವು ಹಳತಾಗದು: ‘ಇಲ್ಲ’ವೆಂದು ಹೇಳುವ ಮುನ್ನ, ಇದ್ದಿದ್ದರೆ ನಮಗೆ ಕಾಣುತ್ತಿತ್ತೇ ಎಂದು ನಾವು ಕೇಳಿಕೊಳ್ಳತಕ್ಕದ್ದು.