ಪಿರಮಸ್ ಮತ್ತು ತಿಸ್ಬಿ (ಅಂತರ್ನಾಟಕ)

ವಿಲಿಯಂ ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ ಐದನೆಯ ಅಂಕದಲ್ಲಿ ಅಥೆನ್ಸಿನ ಕಸುಬುದಾರರು ಆಡುವ ಕಿರುನಾಟಕ. ಮೂಲಕೃತಿ ಸುಮಾರು 1595–96ರಲ್ಲಿ ರಚಿತವಾಯಿತೆಂದು ವಿದ್ವಾಂಸರ ಎಣಿಕೆ. ಮೊದಲ ಮುದ್ರಣ 1600ರದು. ದೊರೆ ಥೀಸಿಯಸ್‌ನ ಮದುವೆಯ ರಾತ್ರಿ ಅರಮನೆಯಲ್ಲಿ ನಾಟಕವಾಡಬೇಕೆಂದು ಬಡಗಿ ಕ್ವಿನ್ಸ್ ಐವರನ್ನು ಕೂಡಿಸುತ್ತಾನೆ. ನೇಕಾರ ಬಾಟಮ್ ನಾಯಕ. ತಿದಿ ರಿಪೇರಿಯ ಫ್ಲೂಟ್ ಆಗಷ್ಟೇ ಗಡ್ಡ ಮೂಡುತ್ತಿದೆಯೆಂದು ಗೋಗರೆದರೂ ಅವನಿಗೆ ನಾಯಕಿಯ ಪಾತ್ರ ತಪ್ಪುವುದಿಲ್ಲ.

ಕತೆ ರೋಮನ್ ಕವಿ ಒವಿಡ್‌ನ ‘ಮೆಟಮಾರ್ಫಸಿಸ್’ನದು. ಬ್ಯಾಬಿಲೋನಿನ ಇಬ್ಬರು ಪ್ರೇಮಿಗಳು ಗೋಡೆಯ ಬಿರುಕಿನಲ್ಲಿ ಪಿಸುಮಾತಾಡಿ, ಊರಾಚೆ ಸೇರಲು ಹೊರಡುತ್ತಾರೆ. ಸಿಂಹಿಣಿಯ ಬಾಯಿಗೆ ಸಿಕ್ಕಿ ರಕ್ತವಾದ ಮುಸುಕನ್ನು ಕಂಡು ಪಿರಮಸ್ ಇರಿದುಕೊಳ್ಳುತ್ತಾನೆ. ಅದೇ ಕತ್ತಿಗೆ ತಿಸ್ಬಿಯೂ ಬಲಿಯಾಗುತ್ತಾಳೆ. ಆರ್ಥರ್ ಗೋಲ್ಡಿಂಗ್‌ನ 1567ರ ಇಂಗ್ಲಿಷ್ ಅನುವಾದವನ್ನು ಶೇಕ್ಸ್‌ಪಿಯರ್ ಓದಿದ್ದ. ಹಿಂದಿನ ತಲೆಮಾರಿನ ಕವಿಗಳ ಪ್ರಾಸದ ಅಬ್ಬರವನ್ನೂ ಗೋಳಾಟವನ್ನೂ ಅವನು ಇಲ್ಲಿ ಅಣಕಿಸಿದ್ದಾನೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಇಂಥದೇ ದುರಂತವನ್ನು ‘ರೋಮಿಯೋ ಅಂಡ್ ಜೂಲಿಯೆಟ್’ ಆಗಿ ಬರೆದವನೂ ಅವನೇ ಎಂಬುದನ್ನು ನೆನೆದರೆ ಈ ಅಣಕದ ಧೈರ್ಯ ತಿಳಿಯುತ್ತದೆ.

ಕಸುಬುದಾರರು ನಾಟಕವಾಡುವುದು ಆ ಕಾಲದ ಇಂಗ್ಲೆಂಡಿಗೆ ಹೊಸದಲ್ಲ. ಕವಿಯ ಹುಟ್ಟೂರಿಗೆ ಸಮೀಪದ ಕವೆಂಟ್ರಿಯಲ್ಲಿ ವೃತ್ತಿಸಂಘಗಳು 1579ರವರೆಗೂ ಬೈಬಲ್ ಕತೆಗಳನ್ನು ಆಡುತ್ತಿದ್ದವು. ಸಿಂಹದ ಪ್ರಸಂಗಕ್ಕೂ ಒಂದು ನಿಜ ಘಟನೆಯ ನೆರಳಿದ್ದೀತು: 1594ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯಲ್ಲಿ ರಾಜಕುಮಾರ ಹೆನ್ರಿಯ ದೀಕ್ಷಾಸ್ನಾನದ ಔತಣಕ್ಕೆ ರಥ ಎಳೆಯಬೇಕಿದ್ದ ಸಿಂಹವನ್ನು, ಅತಿಥಿಗಳು ಹೆದರಿಯಾರೆಂದು ಕೈಬಿಡಲಾಗಿತ್ತು. ಇಲ್ಲಿ ಸಿಂಹದ ವೇಷದ ಸ್ನಗ್, ತಾನು ಮರಗೆಲಸದವನೆಂದು ರಾಣಿವಾಸದ ಹೆಂಗಸರಿಗೆ ಮೊದಲೇ ಹೇಳಿಬಿಡುತ್ತಾನೆ.

ಹಾಸ್ಯದ ಬೇರು ಇರುವುದು ಇವರ ಶ್ರದ್ಧೆಯಲ್ಲಿ. ಬೆಳದಿಂಗಳು ಬೇಕೆಂದು ಪಂಚಾಂಗ ತೆರೆದು ನೋಡುತ್ತಾರೆ. ಆ ರಾತ್ರಿ ಚಂದ್ರನಿದ್ದಾನೆಂದು ತಿಳಿದ ಮೇಲೂ ಲಾಟೀನು ಹಿಡಿದ ಚಂದ್ರ ರಂಗಕ್ಕೆ ಬರುತ್ತಾನೆ. ಪಾತ್ರೆ ಬೆಸೆಯುವ ಸ್ನೌಟ್ ಮೈಗೆ ಗಾರೆ ಬಳಿದುಕೊಂಡು ಗೋಡೆಯಾಗಿ ನಿಲ್ಲುತ್ತಾನೆ, ಅವನ ಅಗಲಿಸಿದ ಬೆರಳುಗಳೇ ಬಿರುಕು. ಪೀಠಿಕೆಯಲ್ಲಿ ಕ್ವಿನ್ಸ್ ನಿಲ್ಲಬಾರದ ಕಡೆ ನಿಂತು ಓದಿ, ವಿನಯದ ಮಾತನ್ನೇ ಅವಮಾನ ಮಾಡಿಬಿಡುತ್ತಾನೆ. ಗೋಡೆ ತಿರುಗಿ ಬೈಯಬೇಕಿತ್ತಲ್ಲ ಎಂದು ದೊರೆ ಕುಟುಕಿದಾಗ, ಬಾಟಮ್ ಪಾತ್ರದಿಂದ ಹೊರಬಂದು ಮುಂದೆ ತಿಸ್ಬಿಯ ಸರದಿಯೆಂದು ದೊರೆಗೇ ವಿವರಿಸುತ್ತಾನೆ. ಹೀಗಾಗಿ ನಟರು ಬೇಕೆಂದೇ ಕೆಟ್ಟದಾಗಿ ಆಡಿದರೆ ದೃಶ್ಯ ಸೋಲುತ್ತದೆ. ಪೀಟರ್ ಬ್ರೂಕ್ 1970ರ ಪ್ರಯೋಗದಲ್ಲಿ ಇವರನ್ನು ಗೌರವಕ್ಕೆ ಅರ್ಹರಾದ ದುಡಿಮೆಗಾರರೆಂದೇ ಕಂಡ. 1999ರ ಚಲನಚಿತ್ರದಲ್ಲಿ ಫ್ಲೂಟ್ ಆಗಿದ್ದ ಸ್ಯಾಮ್ ರಾಕ್‌ವೆಲ್ ತಿಸ್ಬಿಯ ಕೊನೆಯ ಅಳಲನ್ನು ವಿಗ್ ಕಿತ್ತು, ಕೀರಲು ದನಿ ಬಿಟ್ಟು, ತನ್ನ ಸಹಜ ದನಿಯಲ್ಲಿ ಆಡಿದ. ಈ ದೃಶ್ಯಕ್ಕೆ ಸಿಕ್ಕಿರುವ ಅತ್ಯುತ್ತಮ ನ್ಯಾಯಗಳಲ್ಲಿ ಅದು ಒಂದು.

ಮೂಲಕೃತಿಯಿಂದ ಬೇರೆಯಾಗಿಯೂ ಇದು ಬದುಕಿದೆ. ಬಾಟಮ್‌ನ ಪ್ರಸಂಗಗಳನ್ನಷ್ಟೇ ಹೆಕ್ಕಿದ ಪ್ರಹಸನವೊಂದು 1661ರಲ್ಲಿ ಅಚ್ಚಾಯಿತು. ಅದೇ ಶತಮಾನದ ಜರ್ಮನ್ ಕವಿ ಆಂಡ್ರಿಯಾಸ್ ಗ್ರಿಫಿಯಸ್, ಕ್ವಿನ್ಸ್‌ನನ್ನು ಶಾಲಾಮಾಸ್ತರನಾಗಿಸಿ ‘ಪೀಟರ್ ಸ್ಕ್ವೆಂಟ್ಸ್’ ಬರೆದ. ಲಂಡನ್ನಿನಲ್ಲಿ ರಿಚರ್ಡ್ ಲೆವರಿಜ್ 1716ರಲ್ಲಿ, ಜಾನ್ ಫ್ರೆಡರಿಕ್ ಲ್ಯಾಂಪ್ 1745ರಲ್ಲಿ ಇದನ್ನು ಇಟಾಲಿಯನ್ ಆಪೆರಾದ ಅಣಕವಾಗಿಸಿದರು. ಡೇವಿಡ್ ಗ್ಯಾರಿಕ್ 1755ರ ‘ದ ಫೇರೀಸ್’ನಲ್ಲಿ ಕಸುಬುದಾರರನ್ನು ಪೂರ್ತಿ ಕೈಬಿಟ್ಟದ್ದು ದೊಡ್ಡ ನಷ್ಟವೇ. 1840ರಲ್ಲಿ ಮೇಡಂ ವೆಸ್ಟ್ರಿಸ್ ಕವೆಂಟ್ ಗಾರ್ಡನ್ನಿನಲ್ಲಿ ಶೇಕ್ಸ್‌ಪಿಯರನ ಪಠ್ಯವನ್ನು ಬಹುಮಟ್ಟಿಗೆ ಮರಳಿ ತಂದರು. ಬೆಂಜಮಿನ್ ಬ್ರಿಟನ್ ತನ್ನ 1960ರ ಆಪೆರಾದಲ್ಲಿ ಮತ್ತೆ ಇಟಾಲಿಯನ್ ಶೈಲಿಯನ್ನೇ ಅಣಕಿಸಿದ. 1964ರಲ್ಲಿ ಬೀಟಲ್ಸ್ ತಂಡ ಬ್ರಿಟಿಷ್ ಟೆಲಿವಿಷನ್ನಿನಲ್ಲಿ ಈ ದೃಶ್ಯವನ್ನು ಆಡಿತು: ಪಾಲ್ ಮೆಕಾರ್ಟ್ನಿ ಪಿರಮಸ್, ಜಾನ್ ಲೆನನ್ ತಿಸ್ಬಿ, ಜಾರ್ಜ್ ಹ್ಯಾರಿಸನ್ ಬೆಳದಿಂಗಳು, ರಿಂಗೋ ಸ್ಟಾರ್ ಸಿಂಹ.