‘ಆಪರೇಷನ್’ ಆದ ಮೇಲೆ ಮತ್ತೊಂದು ಮಗು

2004ರ ಡಿಸೆಂಬರ್ 26, ಭಾನುವಾರ. ಅಂದು ಬೆಳಿಗ್ಗೆ ಬಂದ ಸುನಾಮಿ ತಮಿಳುನಾಡಿನಲ್ಲಿ ಸುಮಾರು 8,000 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ 6,000ಕ್ಕೂ ಹೆಚ್ಚು ಜನ ನಾಗಪಟ್ಟಿಣಂ ಒಂದೇ ಜಿಲ್ಲೆಯವರು. ಸತ್ತವರಲ್ಲಿ ಮಕ್ಕಳು ಬಹಳ. ಇದ್ದ ಮಕ್ಕಳನ್ನೆಲ್ಲ ಒಂದೇ ಬೆಳಿಗ್ಗೆ ಕಳೆದುಕೊಂಡ ತಾಯಂದಿರು ಮೀನುಗಾರರ ಊರುಗಳಲ್ಲಿದ್ದರು. ಅಂಥ ಅನೇಕರಿಗೆ ಆ ಹೊತ್ತಿಗಾಗಲೇ ‘ಆಪರೇಷನ್’ ಆಗಿತ್ತು.

ಆಗ ತಮಿಳುನಾಡು ಸರ್ಕಾರ ಒಂದು ಅಪರೂಪದ ನಿರ್ಧಾರ ಮಾಡಿತು. ಮಕ್ಕಳನ್ನು ಕಳೆದುಕೊಂಡ ಹೆಂಗಸರು ಬಯಸಿದರೆ, ಕತ್ತರಿಸಿದ ಅಂಡನಾಳವನ್ನು ಸರ್ಕಾರವೇ ಉಚಿತವಾಗಿ ಮತ್ತೆ ಜೋಡಿಸಿಕೊಡುತ್ತದೆ ಎಂದು ಘೋಷಿಸಿತು. ವೈದ್ಯರ ಬಾಯಲ್ಲಿ ಇದು ರೀಕ್ಯಾನಲೈಸೇಷನ್. ಕುಟುಂಬ ಯೋಜನೆಯ ಚರಿತ್ರೆಯಲ್ಲಿ ಈ ಘಟನೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂದು ಚೆನ್ನೈವಾಸಿಯಾದ ನನಗೆ ಅನಿಸುತ್ತದೆ. ಪ್ರತಿ ಡಿಸೆಂಬರಿನಲ್ಲಿ ಇಲ್ಲಿನ ಜನ ಕಡಲಿಗೆ ಹಾಲೆರೆದು ಸತ್ತವರನ್ನು ನೆನೆಯುತ್ತಾರೆ. ಆ ತಾಯಂದಿರ ಎರಡನೇ ಆಪರೇಷನ್ನಿನ ಮಾತು ಮಾತ್ರ ಬರುವುದಿಲ್ಲ.

ಈ ಕಥೆಯ ಬೇರು ಹಳೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಆದೇಶಿಸಿತ್ತು. ಅಲ್ಲಿ ಕೊಡುತ್ತಿದ್ದದ್ದು ತಾತ್ಕಾಲಿಕ ಉಪಾಯಗಳ ಸಲಹೆ. 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಬರಬರುತ್ತಾ ಸಲಹೆ ಹಿಂದೆ ಸರಿದು ‘ಗುರಿ’ ಮುಂದೆ ಬಂತು. 1971ರಲ್ಲಿ ಕೇರಳದ ಎರ್ನಾಕುಲಂನ ಒಂದೇ ಶಿಬಿರದಲ್ಲಿ 60,000ಕ್ಕೂ ಹೆಚ್ಚು ಗಂಡಸರಿಗೆ ವ್ಯಾಸೆಕ್ಟಮಿ ಆಯಿತು. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದೇ. ಆ ಬಲವಂತದ ಬೆಲೆಯನ್ನು ಸರ್ಕಾರ 1977ರ ಚುನಾವಣೆಯಲ್ಲಿ ತೆತ್ತಿತು. ಆಮೇಲೆ ಯಾವ ಪಕ್ಷವೂ ಗಂಡಸರ ತಂಟೆಗೆ ಹೋಗಲಿಲ್ಲ. ಭಾರವೆಲ್ಲ ಹೆಂಗಸರ ಮೇಲೆ ಬಿತ್ತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ. 38ರಷ್ಟು ಮಂದಿಗೆ ಈ ಆಪರೇಷನ್ ಆಗಿದೆ. ಕರ್ನಾಟಕದಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಗಂಡಸರದ್ದು ದೇಶದ ಲೆಕ್ಕದಲ್ಲಿ ಶೇ. 0.3. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಆದ ಕೂಡಲೇ, ಎಷ್ಟೋ ಸಲ ಎರಡನೇ ಬಾಣಂತನದಲ್ಲೇ, ಕೆಲಸ ಮುಗಿಸುವುದು ನಮ್ಮ ಕಡೆಯ ರೂಢಿ. ಹಾಗಾಗಿ ಇಪ್ಪತ್ತೈದರ ಆಸುಪಾಸಿನಲ್ಲೇ ನಾಳ ಮುಚ್ಚಿಸಿಕೊಂಡವರು ದಕ್ಷಿಣದಲ್ಲಿ ಬೇಕಾದಷ್ಟಿದ್ದಾರೆ.

ಮುಚ್ಚಿದ ನಾಳವನ್ನು ಮತ್ತೆ ತೆರೆಯುವ ವಿದ್ಯೆ ಬೆಳೆದದ್ದು ಬೇರೆ ಕಡೆ. 1970ರ ದಶಕದಲ್ಲಿ ಲಂಡನ್ನಿನ ರಾಬರ್ಟ್ ವಿನ್‌ಸ್ಟನ್, ಕೆನಡಾದ ವಿಕ್ಟರ್ ಗೊಮೆಲ್ ಮೊದಲಾದವರು ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಿಂದ ಅಂಡನಾಳದ ತುದಿಗಳನ್ನು ಕೂಡಿಸಿ ಹೊಲಿಯುವ ಕ್ರಮವನ್ನು ಬೆಳೆಸಿದರು. ಕತ್ತರಿಸುವ ಕೆಲಸ ಕೆಲವು ನಿಮಿಷಗಳದ್ದು. ಕೂಡಿಸುವುದಕ್ಕೆ ಗಂಟೆಗಳು, ನುರಿತ ಕೈ, ಸಜ್ಜಾದ ಆಸ್ಪತ್ರೆ ಬೇಕು. ಮೊದಲನೆಯದನ್ನು ಶಿಬಿರದಲ್ಲಿ ಮಾಡಬಹುದು, ಎರಡನೆಯದನ್ನು ಮಾಡಲಾಗದು.

ಕೂಡಿಸಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಎಷ್ಟು? ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿಮರ್ಶೆಯ ಪ್ರಕಾರ, ಗರ್ಭ ಧರಿಸಿದವರು ಶೇ. 42ರಿಂದ 69. ಗರ್ಭ ನಾಳದಲ್ಲೇ ಸಿಕ್ಕಿಕೊಳ್ಳುವ ಅಪಾಯ ಶೇ. 4ರಿಂದ 8, ಅದು ಒಡೆದರೆ ಜೀವಕ್ಕೇ ಕುತ್ತು. ನಾಳವನ್ನು ಸುಟ್ಟಿದ್ದಾರೋ, ಉಂಗುರ ಹಾಕಿದ್ದಾರೋ, ಎಷ್ಟು ಉದ್ದ ಉಳಿದಿದೆ ಎಂಬುದನ್ನೆಲ್ಲ ವೈದ್ಯರು ನೋಡುತ್ತಾರೆ. ಆದರೆ ಆ ವಿಮರ್ಶೆಯಲ್ಲಿ ಫಲಿತಾಂಶದ ಮೇಲೆ ಸ್ಪಷ್ಟ ಪ್ರಭಾವ ಕಂಡದ್ದು ಒಂದರದ್ದೇ: ಹೆಣ್ಣಿನ ವಯಸ್ಸು.

ನನ್ನನ್ನು ತಡೆದು ನಿಲ್ಲಿಸುವುದು ಇಲ್ಲಿಯ ವಿಪರ್ಯಾಸ. ಅಷ್ಟು ಚಿಕ್ಕ ವಯಸ್ಸಿಗೇ ಆಪರೇಷನ್ ಮಾಡಿಸುವ ರೂಢಿ ಇಲ್ಲದಿದ್ದರೆ, ಮಕ್ಕಳನ್ನು ಕಳೆದುಕೊಂಡ ಆ ತಾಯಂದಿರಲ್ಲಿ ಹಲವರಿಗೆ ಮರುಜೋಡಣೆಯ ಅಗತ್ಯವೇ ಬರುತ್ತಿರಲಿಲ್ಲ. ಚಿಕ್ಕ ವಯಸ್ಸಿನವರು ಆಗಿದ್ದರಿಂದಲೇ ಅವರಿಗೆ ಮತ್ತೆ ಗರ್ಭ ಧರಿಸುವ ಆಸೆಯೂ ಉಳಿದಿತ್ತು. ಕೆಲವರಿಗೆ ಮಕ್ಕಳಾದವು. ಉಳಿದವರು ಎರಡು ಸಲ ಹೊಟ್ಟೆ ಕೊಯ್ಯಿಸಿಕೊಂಡರೂ ಬರಿಗೈಯಲ್ಲೇ ಉಳಿದರು.

ನಾನಿರುವ ಸಾಫ್ಟ್‌ವೇರ್ ಕೆಲಸದಲ್ಲಿ ದೊಡ್ಡ ಬದಲಾವಣೆ ಮಾಡುವ ಮುಂಚೆ ಕೇಳುವ ಪ್ರಶ್ನೆಯೊಂದಿದೆ: ಬೇಡವೆನಿಸಿದರೆ ಹಿಂದಕ್ಕೆ ಹೋಗುವ ದಾರಿ ಯಾವುದು? ಶಿಬಿರಗಳ ಕಾಲದಲ್ಲಿ ಗುರಿ ಮುಟ್ಟುವ ಭರದಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ‘ಎರಡೇ ಸಾಕು’ ಎಂಬ ಮಾತಿನೊಳಗೆ, ಹೇಳದೆ ಬಿಟ್ಟ ಇನ್ನೊಂದು ಮಾತಿತ್ತು: ಆ ಎರಡೂ ಬದುಕಿ ಬಾಳುತ್ತವೆ ಎಂಬ ಭರವಸೆ. ಸಾವಿರ ಶಿಶುಗಳಲ್ಲಿ ಸುಮಾರು 130 ಮೊದಲ ವರ್ಷ ತುಂಬುವ ಮೊದಲೇ ಸಾಯುತ್ತಿದ್ದ 1970ರ ದಶಕದ ಆರಂಭದಲ್ಲಿ ಆ ಭರವಸೆ ಕೊಡುವ ಶಕ್ತಿ ಯಾವ ಸರ್ಕಾರಕ್ಕೂ ಇರಲಿಲ್ಲ. ಸುನಾಮಿಯ ನಂತರದ ಆ ಘೋಷಣೆ, ‘ಶಾಶ್ವತ’ ಎಂಬ ಮಾತು ಎಷ್ಟು ದೊಡ್ಡದೆಂದು ಒಂದು ಸರ್ಕಾರ ಒಪ್ಪಿಕೊಂಡ ಗಳಿಗೆ.

ತಾತ್ಕಾಲಿಕ ವಿಧಾನಗಳು ಇಂದು ಹಲವಿವೆ. ಗಂಡಸಿನ ಆಪರೇಷನ್ ಹೆಣ್ಣಿನದಕ್ಕಿಂತ ಸರಳ, ಸುರಕ್ಷಿತ. ಆದರೂ ನಮ್ಮ ಮನೆಗಳಲ್ಲಿ ‘ಆಪರೇಷನ್ ಆಯಿತಾ?’ ಎಂಬ ಪ್ರಶ್ನೆ ಬಾಣಂತಿಯ ಮಂಚದ ಪಕ್ಕದಲ್ಲೇ ಹುಟ್ಟುತ್ತದೆ. ಆ ಪ್ರಶ್ನೆಯನ್ನು ಒಂದೆರಡು ವರ್ಷ ತಡವಾಗಿ ಕೇಳಿದರೆ, ಒಮ್ಮೊಮ್ಮೆ ಗಂಡನನ್ನೂ ಕೇಳಿದರೆ, ಮರುಜೋಡಣೆಯ ಮೇಜಿನ ಮೇಲೆ ಮಲಗಬೇಕಾದವರ ಸಂಖ್ಯೆ ಖಂಡಿತ ಕಡಿಮೆಯಾಗುತ್ತದೆ.