ಗೃಹಬಳಕೆಯ ಅಡುಗೆ ಅನಿಲ ಸಂಪರ್ಕ: ನಿರ್ವಹಣೆ ಮತ್ತು ಸುರಕ್ಷತೆ

ಗೃಹಬಳಕೆಯ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ 14.2 ಕಿ.ಗ್ರಾಂ ದ್ರವೀಕೃತ ಪೆಟ್ರೋಲಿಯಂ ಅನಿಲವಿರುತ್ತದೆ. ಅನಿಲಕ್ಕೆ ಸ್ವಂತ ವಾಸನೆಯಿಲ್ಲದ ಕಾರಣ, ಸೋರಿಕೆಯು ತಿಳಿಯಲೆಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ತೀಕ್ಷ್ಣ ವಾಸನೆಯ ವಸ್ತುವನ್ನು ಸೇರಿಸಲಾಗುತ್ತದೆ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಒಂದು ಸಣ್ಣ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಆದುದರಿಂದ ಗ್ರಾಹಕರು ಈ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

1. ಸಿಲಿಂಡರ್ ಪಡೆಯುವಾಗ

ಕಂಪನಿಯ ಮೊಹರು ಮತ್ತು ಸುರಕ್ಷತಾ ಮುಚ್ಚಳ ಸರಿಯಾಗಿವೆಯೇ ಎಂದು ಪರಿಶೀಲಿಸಬೇಕು. ಸಿಲಿಂಡರ್ ಮೇಲೆ ನಮೂದಿಸಿರುವ ಖಾಲಿ ತೂಕಕ್ಕೆ 14.2 ಕಿ.ಗ್ರಾಂ ಕೂಡಿಸಿದಾಗ ಒಟ್ಟು ತೂಕ ದೊರೆಯುತ್ತದೆ. ಸಂದೇಹವಿದ್ದಲ್ಲಿ ತೂಕ ಮಾಡಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ.

ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಮುಂದಿನ ಪರೀಕ್ಷೆಯ ಅವಧಿ ಇರುತ್ತದೆ. ಎ ಎಂದರೆ ಜನವರಿ–ಮಾರ್ಚ್, ಬಿ ಏಪ್ರಿಲ್–ಜೂನ್, ಸಿ ಜುಲೈ–ಸೆಪ್ಟೆಂಬರ್, ಡಿ ಅಕ್ಟೋಬರ್–ಡಿಸೆಂಬರ್. ಉದಾಹರಣೆಗೆ, ‘ಸಿ–29’ ಎಂದಿದ್ದರೆ 2029ರ ಸೆಪ್ಟೆಂಬರ್ ಅಂತ್ಯದೊಳಗೆ ಪರೀಕ್ಷೆಯಾಗಬೇಕೆಂದು ಅರ್ಥ. ಅವಧಿ ಮೀರಿದ ಸಿಲಿಂಡರನ್ನು ಸ್ವೀಕರಿಸಬಾರದು.

2. ಜೋಡಣೆ

ಸಿಲಿಂಡರನ್ನು ಯಾವಾಗಲೂ ನೇರವಾಗಿ, ಗಾಳಿಯಾಡುವ ಸ್ಥಳದಲ್ಲಿ ನೆಲದ ಮೇಲೆ ನಿಲ್ಲಿಸತಕ್ಕದ್ದು. ಒಲೆಯು ಸಿಲಿಂಡರ್‌ಗಿಂತ ಎತ್ತರದ ಕಟ್ಟೆಯ ಮೇಲಿರಬೇಕು.

3. ರಬ್ಬರ್ ಕೊಳವೆ

ಹೆಚ್ಚು ಗಮನ ಬೇಕಾದ ಭಾಗವಿದು. ಐ.ಎಸ್.ಐ. ಗುರುತಿನ ಕೊಳವೆಯನ್ನೇ ಬಳಸಿ, 5 ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸತಕ್ಕದ್ದು. ಬಿರುಕು, ಸವೆತ ಅಥವಾ ಇಲಿ ಕಡಿದ ಗುರುತು ಕಂಡಲ್ಲಿ ಅವಧಿಗೆ ಕಾಯದೆ ಕೂಡಲೇ ಬದಲಿಸಬೇಕು. ಕೊಳವೆಗೆ ತೇಪೆ ಹಾಕುವುದು, ಬಟ್ಟೆ ಸುತ್ತುವುದು ಅಪಾಯಕರ. ಸುತ್ತಿದ ಬಟ್ಟೆಯು ಬಿರುಕನ್ನು ಮರೆಮಾಡುತ್ತದೆ.

ಸೋರಿಕೆಯ ಸಂದೇಹವಿದ್ದಲ್ಲಿ ಸಾಬೂನಿನ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರಿಕೆ ಖಚಿತ. ಬೆಂಕಿಕಡ್ಡಿ ಗೀರಿ ಪರೀಕ್ಷಿಸಲೇಬಾರದು.

4. ಒಲೆ

ಜ್ವಾಲೆ ನೀಲಿಯಾಗಿರಬೇಕು. ಹಳದಿ ಜ್ವಾಲೆ ಅಥವಾ ಪಾತ್ರೆಯ ತಳದ ಮಸಿಯು ಬರ್ನರ್ ಶುಚಿಗೊಳಿಸಬೇಕಾದುದರ ಸೂಚನೆ. ರಾತ್ರಿ ಮಲಗುವ ಮುನ್ನ ಮತ್ತು ಊರಿಗೆ ತೆರಳುವ ಮುನ್ನ ಒಲೆಯ ಗುಂಡಿಯ ಜೊತೆಗೆ ರೆಗ್ಯುಲೇಟರನ್ನೂ ಮುಚ್ಚತಕ್ಕದ್ದು. ದುರಸ್ತಿಯನ್ನು ವಿತರಕರ ಅಧಿಕೃತ ಮೆಕ್ಯಾನಿಕ್‌ನಿಂದಲೇ ಮಾಡಿಸಬೇಕು.

5. ಅನಿಲದ ವಾಸನೆ ಬಂದಲ್ಲಿ

ಅ) ದೇವರ ದೀಪ, ಊದುಬತ್ತಿ ಸೇರಿದಂತೆ ಎಲ್ಲ ಬೆಂಕಿಯನ್ನು ನಂದಿಸಿ.
ಆ) ರೆಗ್ಯುಲೇಟರ್ ಮುಚ್ಚಿ, ಅದನ್ನು ತೆಗೆದು ಸುರಕ್ಷತಾ ಮುಚ್ಚಳ ಹಾಕಿ.
ಇ) ಬಾಗಿಲು, ಕಿಟಕಿಗಳನ್ನು ತೆರೆಯಿರಿ.
ಈ) ಯಾವುದೇ ವಿದ್ಯುತ್ ಸ್ವಿಚ್ಚನ್ನು ಹಾಕಬೇಡಿ, ಆರಿಸಲೂಬೇಡಿ.
ಉ) ಮನೆಯವರೆಲ್ಲರೂ ಹೊರಬಂದ ಮೇಲೆ 1906 ಸಹಾಯವಾಣಿಗೆ ಕರೆ ಮಾಡಿ. ಇದು ದಿನದ 24 ಗಂಟೆಯೂ ಲಭ್ಯ.

6. ಅಪಘಾತ ಪರಿಹಾರ

ತೈಲ ಕಂಪನಿಗಳು ನೋಂದಾಯಿತ ಗ್ರಾಹಕರಿಗಾಗಿ ವಿಮೆ ಮಾಡಿಸಿರುತ್ತವೆ. ಗ್ರಾಹಕರು ಪ್ರತ್ಯೇಕ ಕಂತು ಪಾವತಿಸಬೇಕಾಗಿಲ್ಲ. ಅಪಘಾತವಾದಲ್ಲಿ ವಿತರಕರಿಗೆ ಕೂಡಲೇ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳತಕ್ಕದ್ದು. ಪೊಲೀಸ್ ವರದಿ, ಆಸ್ಪತ್ರೆಯ ಬಿಲ್ಲುಗಳು, ಮರಣ ಸಂಭವಿಸಿದ್ದಲ್ಲಿ ಶವಪರೀಕ್ಷೆಯ ವರದಿ ಹಾಗೂ ಮರಣ ಪ್ರಮಾಣಪತ್ರವನ್ನು ಕಾದಿರಿಸಬೇಕು. ಆಸ್ತಿ ಹಾನಿಗೆ ನೋಂದಾಯಿತ ವಿಳಾಸದಲ್ಲಾದ ಅಪಘಾತವನ್ನು ಮಾತ್ರ ಪರಿಗಣಿಸಲಾಗುವುದರಿಂದ, ಮನೆ ಬದಲಾಯಿಸಿದವರು ಹೊಸ ವಿಳಾಸವನ್ನು ವಿತರಕರಲ್ಲಿ ದಾಖಲಿಸತಕ್ಕದ್ದು. ಕೊಳವೆ ಖರೀದಿಯ ರಸೀದಿಯನ್ನು ಅನಿಲ ಸಂಪರ್ಕದ ಪುಸ್ತಕದೊಂದಿಗೆ ಜೋಪಾನವಾಗಿಡುವುದು.